ರಸ್ತೆ ಹೆಸರಿಗೆ ಜಗಳ ಆಡ್ತೀವಿ, ಮನೆ ಗೋಡೆಯ ಫೋಟೋ ಗುಜರಿಗೆ ಹಾಕ್ತೀವಿ!

ಮೈಸೂರು: 2024ರ ಡಿಸೆಂಬರ್‌ನಲ್ಲಿ ಕೆಆರ್‌ಎಸ್ ರಸ್ತೆಗೆ ಹೆಸರಿಡೋ ವಿಚಾರಕ್ಕೆ ಎಷ್ಟು ಗಲಾಟೆ ಆಯ್ತು ಅನ್ನೋದು ನಿಮಗೆ ನೆನಪಿರಬಹುದು. ಒಂಟಿಕೊಪ್ಪಲಿನ ಲಕ್ಷ್ಮೀ ವೆಂಕಟರಮಣಸ್ವಾಮಿ ದೇವಸ್ಥಾನದಿಂದ ರಿಂಗ್ ರೋಡ್ ತನಕದ ರಸ್ತೆಗೆ 'ಸಿದ್ದರಾಮಯ್ಯ ಆರೋಗ್ಯ ಮಾರ್ಗ' ಅಂತ ಹೆಸರಿಡೋ ಪ್ರಸ್ತಾವ ಪಾಲಿಕೆಯಿಂದ ಬಂತು. ಆ ರಸ್ತೆಯಲ್ಲಿ ಆಸ್ಪತ್ರೆಗಳು ಬರೋಕೆ ಅವರೇ ಕಾರಣ ಅಂತ ಒಂದು ಕಡೆಯವರು ವಾದ ಮಾಡಿದ್ರು. ಅದು ಪ್ರಿನ್ಸೆಸ್ ರಸ್ತೆ, ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ನೆನಪಿನ ರಸ್ತೆ, ಅವರ ಹೆಸರಿನ ಕ್ಷಯ ಆಸ್ಪತ್ರೆ ಇವತ್ತಿಗೂ ಅಲ್ಲೇ ಇದೆ ಅಂತ ಇನ್ನೊಂದು ಕಡೆಯವರು ಅಂದ್ರು.

ಅಲ್ಲಿಗೆ ಮುಗೀಲಿಲ್ಲ. 2025ರ ಜುಲೈನಲ್ಲಿ ಯತೀಂದ್ರ ಸಿದ್ದರಾಮಯ್ಯ ಅವರು ಮೈಸೂರಿಗೆ ತಮ್ಮ ತಂದೆ ಮಾಡಿದ ಕೆಲಸವನ್ನು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕೆಲಸಕ್ಕೆ ಹೋಲಿಸಿ ಮಾತಾಡಿದ್ರು. ಮತ್ತೆ ವಾರಗಟ್ಟಲೆ ಚರ್ಚೆ ನಡೀತು. 2026ರ ಜನವರಿಯಲ್ಲಿ ಸಿದ್ದರಾಮಯ್ಯ ಅವರು ಅತಿ ಹೆಚ್ಚು ದಿನ ಮುಖ್ಯಮಂತ್ರಿ ಆಗಿದ್ದ ಡಿ. ದೇವರಾಜ ಅರಸು ಅವರ ದಾಖಲೆ ಮುರಿದಾಗ ಇನ್ನೊಂದು ಹೋಲಿಕೆ ಶುರುವಾಯ್ತು. ಇಬ್ಬರೂ ನಮ್ಮ ಜಿಲ್ಲೆಯವರೇ.

ಯಾರು ದೊಡ್ಡವರು, ಯಾರ ಹೆಸರು ಎಲ್ಲಿ ಇರಬೇಕು ಅನ್ನೋದು ಟಿವಿಯಲ್ಲಿ, ಪಾಲಿಕೆ ಸಭೆಯಲ್ಲಿ, ಫೇಸ್‌ಬುಕ್‌ನಲ್ಲಿ ತೀರ್ಮಾನ ಆಗುತ್ತೆ ಅಂತ ನಾವು ಅಂದ್ಕೊಂಡಿದ್ದೀವಿ. ಆದ್ರೆ ಈ ಲೆಕ್ಕವನ್ನು ಮೈಸೂರು ಸೀಮೆಯ ಜನ ಬಹಳ ಹಿಂದಿನಿಂದ ಬೇರೆ ಒಂದು ಜಾಗದಲ್ಲಿ ಬರೆದಿಟ್ಟಿದ್ದಾರೆ. ಆ ಜಾಗ ಅವರ ಮನೆ ಗೋಡೆ.

ಗಲ್ಲಾಪೆಟ್ಟಿಗೆ ಮೇಲಿನ ಮಹಾರಾಜರು

ಸಯ್ಯಾಜಿರಾವ್ ರಸ್ತೆ, ಅಶೋಕ ರಸ್ತೆ, ದೇವರಾಜ ಮಾರುಕಟ್ಟೆ ಕಡೆ ಹಳೇ ಅಂಗಡಿಗಳಿಗೆ ಒಮ್ಮೆ ಹೋಗಿ ನೋಡಿ. ಗಲ್ಲಾಪೆಟ್ಟಿಗೆ ಮೇಲೆ ಚಾಮುಂಡೇಶ್ವರಿ ಫೋಟೋ, ಪಕ್ಕದಲ್ಲಿ ಅಂಗಡಿ ಶುರು ಮಾಡಿದ ತಾತನ ಫೋಟೋ, ಎಷ್ಟೋ ಕಡೆ ಅದೇ ಸಾಲಲ್ಲಿ ಪೇಟ ತೊಟ್ಟ ನಾಲ್ವಡಿಯವರ ಫೋಟೋ. ಬೆಳಗ್ಗೆ ಶಟರ್ ಎತ್ತಿದ ತಕ್ಷಣ ಊದುಬತ್ತಿ ಮೂವರಿಗೂ ತೋರಿಸ್ತಾರೆ. ಅಂಗಡಿ ಅಪ್ಪನಿಂದ ಮಗನಿಗೆ ಬಂದಾಗ ಫೋಟೋನೂ ಜೊತೆಗೇ ಬಂದಿರುತ್ತೆ. ಪೇಂಟ್ ಮಾಡಿಸುವಾಗ ಇಳಿಸಿ, ಒರೆಸಿ, ಮತ್ತೆ ಅದೇ ಮೊಳೆಗೆ ಹಾಕ್ತಾರೆ.

ನಾಲ್ವಡಿಯವರು ತೀರಿಕೊಂಡಿದ್ದು 1940ರ ಆಗಸ್ಟ್ 3ಕ್ಕೆ. ಅವರನ್ನು ಕಣ್ಣಾರೆ ಕಂಡವರು ಈಗ ಹುಡುಕಿದ್ರೂ ಸಿಗೋದು ಕಷ್ಟ. ಆದ್ರೂ ಫೋಟೋ ಯಾಕಿದೆ? ಕಾರಣ ಹುಡುಕೋಕೆ ದೂರ ಹೋಗಬೇಕಾಗಿಲ್ಲ. 1911ರಲ್ಲಿ ಕೆಲಸ ಶುರುವಾದ ಕೆಆರ್‌ಎಸ್ ಅಣೆಕಟ್ಟು, 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯ, ರೇಷ್ಮೆ ಕಾರ್ಖಾನೆ, ಶ್ರೀಗಂಧದ ಎಣ್ಣೆ ಕಾರ್ಖಾನೆ. ಈ ಊರಲ್ಲಿ ಮೂರು ತಲೆಮಾರಿನಿಂದ ವ್ಯಾಪಾರ ಮಾಡ್ಕೊಂಡು ಬಂದವರ ಗಿರಾಕಿಗಳು ಈ ಜಾಗಗಳಿಂದಲೇ ಸಂಬಳ ತಗೊಂಡು ಬಂದವರು. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಇನ್ನೊಂದು ಕಾರಣ ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರಿ ಕೆಲಸದಲ್ಲಿ ಒಂದೇ ಸಮುದಾಯದವರು ತುಂಬಿಕೊಂಡಿದ್ದಾರೆ ಅನ್ನೋ ದೂರು ಬಂದಾಗ 1918ರಲ್ಲಿ ನಾಲ್ವಡಿಯವರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ರು. ಅದರ ವರದಿ ಮೇಲೆ ಹಿಂದುಳಿದವರಿಗೆ ಮೀಸಲಾತಿ ಬಂತು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯ ಅವರಿಗೆ ಈ ದಾರಿ ಒಪ್ಪಿಗೆ ಆಗಿರಲಿಲ್ಲ, ಅವರು ಹುದ್ದೆ ಬಿಟ್ಟಿದ್ದೂ ಅದೇ ದಿನಗಳಲ್ಲಿ. ಜೂನ್ 4ರ ನಾಲ್ವಡಿ ಜಯಂತಿಯನ್ನು ಇವತ್ತು ದಲಿತ ಮತ್ತು ಹಿಂದುಳಿದ ವರ್ಗದ ಸಂಘಟನೆಗಳು ಮುಂದೆ ನಿಂತು ಮಾಡೋದು ಇದಕ್ಕೇ. ಅಂಥ ಮನೆಗಳಲ್ಲಿ ಬುದ್ಧ, ಅಂಬೇಡ್ಕರ್ ಫೋಟೋ ಪಕ್ಕದಲ್ಲಿ ನಾಲ್ವಡಿ ಫೋಟೋ ಇದ್ರೆ ಹೊರಗಿನವರಿಗೆ ಆಶ್ಚರ್ಯ ಆಗಬಹುದು. ಮೈಸೂರಿನವರಿಗೆ ಅದರಲ್ಲಿ ವಿಶೇಷ ಏನಿಲ್ಲ.

ಫೋಟೋ ಹಿಂದೆ ಇದ್ದ ಕಾಗದ

ಇಲ್ಲಿ ನಮ್ಮ ಮನೆ ವಿಷಯ ಸ್ವಲ್ಪ ಹೇಳಬೇಕು. ಹುಣಸೂರು ಕಡೆ ನಮ್ಮ ತಾತನ ಮನೆ ಹಜಾರದಲ್ಲಿ ದೇವರಾಜ ಅರಸು ಅವರ ಒಂದು ಫೋಟೋ ಇತ್ತು. ಕಟ್ಟು ಹಾಕಿಸಿದ್ದು, ಗಾಜು ಒಂದು ಮೂಲೇಲಿ ಬಿರುಕು ಬಿಟ್ಟಿತ್ತು. ತಾತ ತೀರಿಕೊಂಡ ಮೇಲೆ ಮನೆ ಭಾಗ ಆಯ್ತು, ಹಳೇ ಸಾಮಾನು ಗುಜರಿಗೆ ಹಾಕೋಕೆ ಹೊರಗೆ ತಂದಿಟ್ಟಿದ್ರು. ಆ ಫೋಟೋನೂ ಅದೇ ರಾಶಿಯಲ್ಲಿತ್ತು. "ಅದನ್ನ ಬುಡ್ರಪ್ಪ, ಅದು ನಿಮ್ ತಾತಂದು" ಅಂತ ಅಜ್ಜಿ ಹಟ ಮಾಡಿದ್ದಕ್ಕೆ ದೊಡ್ಡಪ್ಪ ಗಾಜು ಬದಲಾಯಿಸೋಣ ಅಂತ ಕಟ್ಟು ಬಿಚ್ಚಿಸಿದ್ರು. ಹಿಂದಿನ ರಟ್ಟಿಗೂ ಫೋಟೋಗೂ ನಡುವೆ ಮಡಚಿಟ್ಟ ಕಾಗದ ಸಿಕ್ತು. ಭೂ ನ್ಯಾಯಮಂಡಳಿಯ ಆದೇಶದ ನಕಲು.

ವಯಸ್ಸಾದವರಿಗೆ ಇದರ ಅರ್ಥ ತಕ್ಷಣ ಗೊತ್ತಾಗುತ್ತೆ, ನಮ್ಮ ವಯಸ್ಸಿನವರಿಗೆ ಬಿಡಿಸಿ ಹೇಳಬೇಕು. ಅರಸು ಸರ್ಕಾರದ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್ 1ಕ್ಕೆ. 'ಉಳುವವನೇ ಹೊಲದೊಡೆಯ' ಅನ್ನೋ ಮಾತು ಕಾನೂನಾಯ್ತು. ಗೇಣಿ ಮಾಡ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ತಾಲ್ಲೂಕು ಮಟ್ಟದ ನ್ಯಾಯಮಂಡಳಿ ವಿಚಾರಣೆ ಮಾಡಿ ಆದೇಶ ಕೊಡ್ತಿತ್ತು, ಆಮೇಲೆ ನಮೂನೆ 10ರಲ್ಲಿ ಅಧಿಭೋಗದ ಪತ್ರ ಬರ್ತಿತ್ತು. ಹಿಂದಿನ ದಿನದ ತನಕ ಬೇರೆಯವರ ಹೊಲದಲ್ಲಿ ಗೇಯ್ದು ಗೇಣಿ ಅಳೀತಿದ್ದವನು ಆ ಕಾಗದದಿಂದ ಜಮೀನಿನ ಯಜಮಾನ ಆದ.

ನಮ್ಮ ತಾತ ಓದಿದವರಲ್ಲ. ಆ ಕಾಗದ ಎಲ್ಲಿಟ್ರೆ ಭದ್ರ ಅಂತ ಅವರಿಗೆ ಅನ್ನಿಸಿತೋ ಅಲ್ಲಿಟ್ರು. ಅರಸು ಅವರ ಬೆನ್ನ ಹಿಂದೆ. ಎಷ್ಟೋ ವರ್ಷ ಆದ್ಮೇಲೆ ಬದುವಿನ ತಕರಾರು ಬಂದು ದಾಖಲೆ ಕೇಳಿದಾಗ ಅದೇ ಕಾಗದ ಕೆಲಸಕ್ಕೆ ಬಂತು. ಗುಜರಿ ಗಾಡಿಗೆ ಹೋಗಿದ್ರೆ ಕೆ.ಜಿ. ಲೆಕ್ಕದಲ್ಲಿ ಅದಕ್ಕೆ ಎರಡು ರೂಪಾಯಿನೂ ಬರ್ತಿರಲಿಲ್ಲ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಗೋಡೆ ಮೇಲಿನ ರಾಜಕೀಯ ಫೋಟೋನ ನಾವು ಅಭಿಮಾನ ಅಂತ ಓದ್ತೀವಿ. ನನ್ನ ಪ್ರಕಾರ ಅದು ರಶೀದಿ. ಈ ಮನೆಗೆ ಇವರಿಂದ ಇಂಥದ್ದು ಬಂತು ಅನ್ನೋದಕ್ಕೆ ಮನೆಯವರೇ ಬರೆದುಕೊಂಡ ರಶೀದಿ. ಜೀತ ಬಿಟ್ಟು ಹೊರಗೆ ಬಂದವರ ಮನೆಯಲ್ಲಿ, ಸಾಲ ಪರಿಹಾರದಿಂದ ಒತ್ತೆ ಇಟ್ಟಿದ್ದು ವಾಪಸ್ ಬಂದವರ ಮನೆಯಲ್ಲಿ, ಹಾವನೂರು ಆಯೋಗದ ವರದಿ ಆದ್ಮೇಲೆ ಮನೆಯ ಮೊದಲ ಸರ್ಕಾರಿ ಕೆಲಸ ಸಿಕ್ಕವರ ಮನೆಯಲ್ಲಿ ಅರಸು ಫೋಟೋ ಇರೋದು ಹೀಗೆ. ಆ ಮನೆಯವರು ಇವತ್ತು ಯಾವ ಪಕ್ಷ ಅನ್ನೋದಕ್ಕೂ ಆ ಫೋಟೋಗೂ ಸಂಬಂಧ ಇರಲೇಬೇಕು ಅಂತಿಲ್ಲ.

ಫೋಟೋ ಇದ್ರೆ ವೋಟು ಬೀಳುತ್ತಾ?

ಚುನಾವಣೆ ಲೆಕ್ಕ ನೋಡಿದ್ರೆ ಇದು ಇನ್ನೂ ಸ್ಪಷ್ಟ. 2024ರ ಲೋಕಸಭೆ ಚುನಾವಣೆಯಲ್ಲಿ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಅವರು ಬಿಜೆಪಿಯಿಂದ ನಿಂತು 1.39 ಲಕ್ಷ ವೋಟಿನ ಅಂತರದಲ್ಲಿ ಗೆದ್ದರು. ಮನೆಮನೆಯಲ್ಲಿ ಮಹಾರಾಜರ ಫೋಟೋ ಇದೆ, ಅದಕ್ಕೇ ಗೆದ್ರು ಅಂತ ಬಹಳ ಜನ ಹೇಳಿದ್ರು. ಹಾಗಿದ್ರೆ ಹಳೇ ಲೆಕ್ಕಕ್ಕೆ ಏನು ಹೇಳೋದು?

ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರು ಮೈಸೂರಿನಿಂದ 1984, 1989, 1996, 1999ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. 1991ರಲ್ಲಿ ಬಿಜೆಪಿಯಿಂದ ನಿಂತಾಗ ಸೋತರು. ಅವರನ್ನು ಸೋಲಿಸಿದ್ದು ಚಂದ್ರಪ್ರಭಾ ಅರಸು, ದೇವರಾಜ ಅರಸು ಅವರ ಮಗಳು. 2004ರಲ್ಲಿ ಕಾಂಗ್ರೆಸ್‌ನಿಂದಲೇ ನಿಂತ್ರೂ ಸೋತರು. ಆ ವರ್ಷಗಳಲ್ಲಿ ಮೈಸೂರಿನ ಮನೆಗಳಲ್ಲಿ ಮಹಾರಾಜರ ಫೋಟೋ ಕಮ್ಮಿ ಇತ್ತಾ? ಇಲ್ಲ, ಈಗಿಗಿಂತ ಜಾಸ್ತಿನೇ ಇತ್ತು ಅನ್ನಬಹುದು. ಫೋಟೋಗೆ ಬೆಳಗ್ಗೆ ಕೈ ಮುಗಿದು, ಹತ್ತು ಗಂಟೆಗೆ ಬೂತಿಗೆ ಹೋಗಿ ಬೇರೆಯವರಿಗೆ ವೋಟು ಒತ್ತಿ ಬಂದವರು ನಮ್ಮ ಜನ. ಅದರಲ್ಲಿ ತಪ್ಪೇನಿಲ್ಲ. ಋಣ ಬೇರೆ, ವೋಟು ಬೇರೆ.

ಇದಕ್ಕೆ ಒಂದು ಮೈಸೂರಿನ ಉದಾಹರಣೆನೇ ಇದೆ. ವೋಟು ಹಾಕಿದಾಗ ಬೆರಳಿಗೆ ಹಚ್ಚೋ ಶಾಯಿ ತಯಾರಾಗೋದು ಇದೇ ಊರಿನ ಮೈಸೂರು ಪೇಂಟ್ಸ್ ಆಂಡ್ ವಾರ್ನಿಶ್ ಕಾರ್ಖಾನೆಯಲ್ಲಿ. ಕಾರ್ಖಾನೆ ಶುರುವಾಗಿದ್ದು ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದ ಶಾಯಿ ಹೋಗ್ತಿದೆ. ಅಷ್ಟು ಗಟ್ಟಿ ಶಾಯಿನೂ ಉಗುರು ಬೆಳೆದ ಹಾಗೆ ಕೆಲವು ವಾರದಲ್ಲಿ ಹೋಗುತ್ತೆ. ಗೋಡೆ ಮೇಲಿನ ಫೋಟೋ ಮೂರು ತಲೆಮಾರು ಇರುತ್ತೆ. ಐದು ವರ್ಷದ ಲೆಕ್ಕ ಇಟ್ಕೊಂಡು ರಸ್ತೆಗೆ ಬೋರ್ಡ್ ಹಾಕೋರು ಈ ವ್ಯತ್ಯಾಸ ನೋಡಬೇಕು. ಬೋರ್ಡ್ ಹಾಕೋಕೆ ಪಾಲಿಕೆ ನಿರ್ಣಯ ಸಾಕು. ಮನೆ ಒಳಗೆ ಮೊಳೆ ಹೊಡೆಸಿಕೊಳ್ಳೋದಕ್ಕೆ ಆ ಮನೆಗೆ ಏನಾದ್ರೂ ಮುಟ್ಟಿರಬೇಕು.

ಒಂದೇ ಗೋಡೆ, ಎರಡು ಕಡೆಯವರು

ಗೋಡೆಗಳಲ್ಲಿ ಜಗಳಾನೂ ಇದೆ. 1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು, ಮೈಸೂರು ಸಂಸ್ಥಾನದಲ್ಲಿ ಜನರ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಶುರುವಾಯ್ತು. ವಿದ್ಯಾರ್ಥಿಗಳು, ಕೂಲಿ ಕಾರ್ಮಿಕರು, ರೈತರು ಜೈಲಿಗೆ ಹೋದ್ರು. ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿ ಅವರ ಹೆಸರೇ ಇವತ್ತು ರಾಮಸ್ವಾಮಿ ವೃತ್ತಕ್ಕೆ ಇರೋದು. ಅದೇ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು. ಆಗ ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಆಮೇಲೆ ರಾಜಪ್ರಮುಖರಾದ್ರು, 1956ರ ನಂತರ ರಾಜ್ಯಪಾಲರೂ ಆದ್ರು.

ಆ ಚಳವಳಿಯಲ್ಲಿ ಜೈಲಿಗೆ ಹೋದವರ ಮನೆಯಲ್ಲಿ ಗಾಂಧಿ ಫೋಟೋ, ಖಾದಿ ಟೋಪಿ, ತಾಮ್ರಪತ್ರ ಇದ್ದು, ಅದೇ ಗೋಡೆಯಲ್ಲಿ ಮಹಾರಾಜರ ಫೋಟೋನೂ ಇದ್ರೆ ಅದು ಗೊಂದಲ ಅಲ್ಲ. ಅರಮನೆ ವಿರುದ್ಧ ಘೋಷಣೆ ಕೂಗಿದವರೂ ಅರಮನೆ ಕಟ್ಟಿಸಿದ ಶಾಲೆಯಲ್ಲಿ ಓದಿದವರೇ. ಇವತ್ತು ಒಂದು ಫೋಟೋ ಹಾಕಿದ್ರೆ ಇನ್ನೊಂದು ಇಳಿಸಬೇಕು ಅನ್ನೋ ಥರ ಮಾತಾಡ್ತೀವಲ್ಲ, ನಮ್ಮ ತಾತಂದಿರ ಗೋಡೆಗೆ ಆ ಇಕ್ಕಟ್ಟು ಇರಲಿಲ್ಲ.

ತಾಮ್ರಪತ್ರದ ಬಗ್ಗೆ ಒಂದು ಮಾತು. ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದಾಗ, 1972ರಲ್ಲಿ, ಇಂದಿರಾ ಗಾಂಧಿ ಸರ್ಕಾರ ಹೋರಾಟಗಾರರಿಗೆ ಇದನ್ನು ಕೊಡ್ತು. ಪಿಂಚಣಿ ಯೋಜನೆ ಶುರುವಾಗಿದ್ದೂ ಅದೇ ವರ್ಷ. ಸುಬ್ಬರಾಯನಕೆರೆ ಮೈದಾನದಲ್ಲಿ ಸೇರ್ತಿದ್ದ ಹೋರಾಟಗಾರರ ತಲೆಮಾರು ಹತ್ತತ್ರ ಮುಗಿದೇ ಹೋಯ್ತು. ತಾಮ್ರಪತ್ರ ಈಗ ಮಕ್ಕಳ, ಮೊಮ್ಮಕ್ಕಳ ಕೈಯಲ್ಲಿದೆ. ತಾಮ್ರ ಅಂದ್ರೆ ಗುಜರಿಯಲ್ಲಿ ಒಳ್ಳೇ ರೇಟು ಅನ್ನೋದು ಎಲ್ಲರಿಗೂ ಗೊತ್ತು. ಹೆದರಿಕೆ ಇರೋದು ಅಲ್ಲೇ.

ನಂಜನಗೂಡು ತಾಲ್ಲೂಕಿನ ಬದನವಾಳು ಕಡೆ ಕೆಲವು ಮನೆಗಳ ಅಟ್ಟದಲ್ಲಿ ಚರಕ ಇದ್ರೆ ಅದೂ ಇದೇ ಸಾಲಿಗೆ ಸೇರುತ್ತೆ. ತಗಡೂರು ರಾಮಚಂದ್ರರಾಯರು ಕಟ್ಟಿದ, ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ಅಲ್ಲಿನದು. ಹೆಂಗಸರು ಅಲ್ಲಿ ನೂತು ಮನೆ ನಡೆಸಿದ್ದಾರೆ. 1980ರ ನಂತರ ರೈತ ಸಂಘ ಸೇರಿದವರ ಮನೆಯಲ್ಲಿ ಮೊಳೆಗೆ ನೇತುಹಾಕಿದ ಹಸಿರು ಶಾಲು ಇದೆ. ಅಪ್ಪ ಹೊದ್ದಿದ್ದ ಶಾಲನ್ನೇ ಮಗ ಹೊದ್ದುಕೊಂಡು ಡಿಸಿ ಆಫೀಸ್ ಮುಂದೆ ಬಂದು ಕೂರ್ತಾನೆ. ಇದಕ್ಕೆ ಕಟ್ಟು ಇಲ್ಲ, ಗಾಜಿಲ್ಲ, ಆದ್ರೂ ಇದು ಮನೆತನದ ಆಸ್ತಿನೇ.

ಬೊಂಬೆ ಉಳೀತು, ಫೋಟೋ ಯಾಕೆ ಉಳೀತಿಲ್ಲ?

ಈಗ ನಿಜವಾದ ಸಮಸ್ಯೆಗೆ ಬರೋಣ. ಈ ವಸ್ತುಗಳು ಖಾಲಿ ಆಗ್ತಿವೆ. ತೊಟ್ಟಿಮನೆ ಕೆಡವಿ ಅಪಾರ್ಟ್‌ಮೆಂಟ್ ಬಂದಾಗ ಹಜಾರವೇ ಇರಲ್ಲ. ಹೊಸ ಗೋಡೆಗೆ ಮೊಳೆ ಹೊಡೆಯೋಕೆ ಮನಸ್ಸಿಲ್ಲ, ಟಿವಿಗೆ ಜಾಗ ಬೇಕು. ಮಾರುಕಟ್ಟೆ ಕಡೆನೂ ಅದೇ ಕತೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜೀವಗಳೇ ಹೋದವು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕಟ್ಟಡ ಕೆಡವಬೇಕಾ, ಉಳಿಸಬೇಕಾ ಅಂತ ಆಮೇಲೆ ವರ್ಷಗಟ್ಟಲೆ ವಾದ ನಡೀತು. ಒಳಗಿನ ಅಂಗಡಿಗಳ ಹಳೇ ಲೆಕ್ಕದ ಪುಸ್ತಕ, ಮಹಾರಾಜರ ಕಾಲದ ಲೈಸೆನ್ಸು, ಫೋಟೋ ಇವುಗಳ ಬಗ್ಗೆ ಆ ವಾದದಲ್ಲಿ ಮಾತು ಬಂದಿದ್ದು ಕಮ್ಮಿ.

ಆದ್ರೆ ಇದೇ ಊರಲ್ಲಿ ಒಂದು ವಸ್ತು ಚೆನ್ನಾಗಿ ಉಳಿದುಕೊಂಡಿದೆ. ಪಟ್ಟದ ಬೊಂಬೆ. ಮದುವೆಯಲ್ಲಿ ತವರಿನಿಂದ ಹೆಣ್ಣುಮಗಳಿಗೆ ಕೊಡೋ ಮರದ ರಾಜ ರಾಣಿ. ಪ್ರತಿ ನವರಾತ್ರಿಗೆ ಪೆಟ್ಟಿಗೆಯಿಂದ ಹೊರಗೆ ಬರುತ್ತೆ, ಪಟ್ಟಕ್ಕೆ ಕೂರುತ್ತೆ, ಸುತ್ತ ದಸರಾ ಮೆರವಣಿಗೆ, ದರ್ಬಾರು, ಗಾಂಧಿ, ಸೈನಿಕರು ಎಲ್ಲ ಬರ್ತಾರೆ. ಯೋಚನೆ ಮಾಡಿ ನೋಡಿದ್ರೆ ಇದೂ ರಾಜಕೀಯದ ನೆನಪೇ. ರಾಜರ ಆಳ್ವಿಕೆ ಹೋಗಿ ಮುಕ್ಕಾಲು ಶತಮಾನ ಆದ್ರೂ ಮನೆಯ ದರ್ಬಾರು ನಿಂತಿಲ್ಲ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬಂದಿರೋ ಬೊಂಬೆಗಳು ಮೈಸೂರಲ್ಲಿ ಬೇಕಾದಷ್ಟಿವೆ. ನಜರ್‌ಬಾದ್‌ನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ದಸರಾ ಹೊತ್ತಿಗೆ ಮಾಡೋ 'ಬೊಂಬೆ ಮನೆ' ಪ್ರದರ್ಶನಕ್ಕೆ ಬರೋ ಜನ ನೋಡಿದ್ರೆ ಈ ಪದ್ಧತಿ ಗಟ್ಟಿಯಾಗಿದೆ ಅಂತ ಗೊತ್ತಾಗುತ್ತೆ.

ಬೊಂಬೆ ಯಾಕೆ ಉಳೀತು? ಮೂರು ಕಾರಣ ಕಾಣುತ್ತೆ. ಒಂದು, ಇದು ಯಾರದ್ದು ಅನ್ನೋದು ಮದುವೆ ದಿನವೇ ತೀರ್ಮಾನ ಆಗಿರುತ್ತೆ, ಭಾಗದ ಜಗಳಕ್ಕೆ ಬರಲ್ಲ. ಎರಡು, ವರ್ಷಕ್ಕೆ ಒಮ್ಮೆ ಹೊರಗೆ ತೆಗೆದು ಒರೆಸ್ತಾರೆ, ಹುಳ ಹಿಡಿದಿದ್ರೆ ಆಗಲೇ ಗೊತ್ತಾಗುತ್ತೆ. ಮೂರು, ಬೊಂಬೆ ನೋಡೋಕೆ ಅಕ್ಕಪಕ್ಕದ ಮಕ್ಕಳು ಬರ್ತಾರೆ, ಅವರಿಗೆ ಕತೆ ಹೇಳಲೇಬೇಕು.

ಫೋಟೋಗೆ ಈ ಮೂರೂ ಇಲ್ಲ. ಅದು ಎಲ್ಲರದ್ದು, ಅಂದ್ರೆ ಯಾರದ್ದೂ ಅಲ್ಲ. ಒಮ್ಮೆ ನೇತುಹಾಕಿದ್ರೆ ಮುಂದಿನ ಪೇಂಟ್ ತನಕ ಯಾರೂ ಮುಟ್ಟಲ್ಲ. ಗೆದ್ದಲು, ಬೂಷ್ಟು ಹಿಂದಿನಿಂದ ತಿಂದಿರುತ್ತೆ. ಗುಂಪು ಫೋಟೋ ಆದ್ರೆ ಇನ್ನೂ ಕಷ್ಟ. ಪ್ರಜಾಪ್ರತಿನಿಧಿ ಸಭೆ ಅಂತ 1881ರಲ್ಲೇ ಮೈಸೂರಲ್ಲಿ ಶುರುವಾಗಿತ್ತು, ಅದರ ಸದಸ್ಯರಾಗಿದ್ದವರ ಮನೆಗಳಲ್ಲಿ ಪೇಟ, ಕೋಟು ಹಾಕಿಕೊಂಡವರ ಗುಂಪು ಫೋಟೋ ಇರುತ್ತೆ. ಅದರಲ್ಲಿ ನಮ್ಮ ಮುತ್ತಾತ ಯಾರು ಅಂತ ತೋರಿಸೋಕೆ ಗೊತ್ತಿದ್ದ ಕೊನೆಯವರು ಹೋದ್ಮೇಲೆ ಅದು ಬರೀ ಹಳೇ ಫೋಟೋ. ಹೆಸರಿಲ್ಲದ ಫೋಟೋನ ಗುಜರಿಯವನಿಗೆ ಕೊಡೋಕೆ ಯಾರಿಗೂ ಬೇಜಾರಾಗಲ್ಲ.

ನಾವು ಮಾಡಬಹುದಾದ್ದು

ಸರ್ಕಾರ ಬಂದು ನಮ್ಮ ಗೋಡೆ ಕಾಯಲ್ಲ. ಖರ್ಚಿಲ್ಲದ ಕೆಲಸ ಕೆಲವಿವೆ:

– ಫೋಟೋ ಇಳಿಸಿ, ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೀರಿ. ಯಾರು, ಎಲ್ಲಿ, ಯಾವ ವರ್ಷ, ಮನೆಗೆ ಹೇಗೆ ಬಂತು. ವರ್ಷ ಗೊತ್ತಿಲ್ಲದಿದ್ರೆ ಅಂದಾಜು ಅಂತ ಬರೀರಿ. ಮನೆಯಲ್ಲಿ ಹಿರಿಯರು ಇದ್ರೆ ಇವತ್ತೇ ಕೇಳಿ.

– ಕಟ್ಟು ಬಿಚ್ಚಿಸದೆ ಗುಜರಿಗೆ ಹಾಕಬೇಡಿ. ಹಿಂದೆ ಕಾಗದ ಇರಬಹುದು. ನಮ್ಮ ಮನೆ ಕತೆ ನೆನಪಿಟ್ಕೊಳ್ಳಿ.

– ಮುಂದೆ, ಹಿಂದೆ ಎರಡೂ ಕಡೆ ಮೊಬೈಲ್‌ನಲ್ಲಿ ಫೋಟೋ ತೆಗೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಭೂ ನ್ಯಾಯಮಂಡಳಿ ಆದೇಶ, ನಮೂನೆ 10, ತಾಮ್ರಪತ್ರ ಇದ್ರೆ ಒಂದು ನಕಲು ಬೇರೆ ಇಟ್ಕೊಳ್ಳಿ.

– ಹಳೇ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಆಮೇಲೆ ಬಿಡಿಸೋಕೆ ಆಗಲ್ಲ. ಬಚ್ಚಲಿನ ಪಕ್ಕದ ತೇವದ ಗೋಡೆ, ನೇರ ಬಿಸಿಲು ಬೀಳೋ ಗೋಡೆ ಬೇಡ.

– ಹಳೇ ಸಾಮಾನು ಕೊಳ್ಳೋಕೆ ಮನೆ ಬಾಗಿಲಿಗೆ ಬರೋರ ಬಗ್ಗೆ ಎಚ್ಚರ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕಲಾವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಮತ್ತು ದಾಖಲೆಗಳು ಪ್ರಾಚ್ಯವಸ್ತು ಅನ್ನಿಸಿಕೊಳ್ಳುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸೋ ಹಾಗಿಲ್ಲ. ಮನೆಯಲ್ಲಿ ಇಟ್ಕೊಳ್ಳೋದು ತಪ್ಪಲ್ಲ, ಆದ್ರೆ ಹಳೇ ಚಿತ್ರಪಟ, ವಿಗ್ರಹದಂಥ ಕೆಲವನ್ನು ನೋಂದಾಯಿಸಬೇಕು. ರಾಜ್ಯ ಪುರಾತತ್ವ ಇಲಾಖೆಯ ಮುಖ್ಯ ಕಚೇರಿ ಮೈಸೂರಲ್ಲೇ ಇದೆ, ವಿಚಾರಿಸೋದು ಕಷ್ಟ ಅಲ್ಲ.

ಪಾಲಿಕೆಗೂ ಒಂದು ಮಾತು. ರಸ್ತೆಗೆ ಹೆಸರಿಡೋ ಮುಂಚೆ ಸಾರ್ವಜನಿಕರ ಆಕ್ಷೇಪಣೆ ಕೇಳ್ತೀರಿ. ಹಾಗೇ ವಾರ್ಡ್‌ಗೆ ಒಂದು ದಿನ ಇಟ್ಟು, ಜನ ತಮ್ಮ ಮನೆಯ ಫೋಟೋ, ಕಾಗದ ತಂದ್ರೆ ಸ್ಕ್ಯಾನ್ ಮಾಡಿ ಅಸಲು ವಾಪಸ್ ಕೊಡೋ ವ್ಯವಸ್ಥೆ ಯಾಕೆ ಮಾಡಬಾರದು? ಒಂದು ಸ್ಕ್ಯಾನರ್, ಇಬ್ಬರು ಹುಡುಗರು ಸಾಕು. ಯಾರ ಕಾಲದಲ್ಲಿ ಈ ಊರಿಗೆ ಏನು ಬಂತು ಅನ್ನೋ ವಾದಕ್ಕೆ ಆಗ ಭಾಷಣದ ಬದಲು ದಾಖಲೆ ಸಿಗುತ್ತೆ.

ಅಲ್ಲಿ ತನಕ ಕಾಯೋದು ಬೇಡ ಅನ್ನೋರು ಮುಂದಿನ ನವರಾತ್ರಿಗೆ ಬೊಂಬೆ ಪೆಟ್ಟಿಗೆ ಇಳಿಸುವಾಗ ಗೋಡೆ ಮೇಲಿನ ಫೋಟೋನೂ ಇಳಿಸಿ. ಒರೆಸಿ, ಹಿಂದೆ ಬರೆದು, ಒಂಬತ್ತು ದಿನ ಪಟ್ಟದ ಬೊಂಬೆ ಪಕ್ಕ ಇಡಿ. ಬೊಂಬೆ ನೋಡೋಕೆ ಬಂದ ಮಕ್ಕಳು "ಇವ್ರು ಯಾರು?" ಅಂತ ಕೇಳೇ ಕೇಳ್ತಾರೆ. ನಮ್ಮ ಅಜ್ಜಿ ಈಗ ಹಾಗೇ ಮಾಡ್ತಾರೆ. ಅರಸು ಫೋಟೋ ತೋರಿಸಿ, ಯಾವ ಹೊಲ, ಎಷ್ಟು ಗೇಣಿ ಅಳೀತಿದ್ವಿ, ಆದೇಶ ಬಂದ ದಿನ ತಾತ ಹುಣಸೂರಿಂದ ಏನು ತಂದ್ರು ಅಂತ ಶುರು ಮಾಡಿದ್ರೆ ಚರ್ಪು ತಗೊಂಡ ಮಕ್ಕಳೂ ಎದ್ದು ಹೋಗಲ್ಲ.